ಕರಿಯಕ್ಕನ ಕೊಡಕ್ಕೆ ಬಲ್ಬು

ಮೆಕ್ಕೆಜೋಳದ ವ್ಯಾಪಾರ ಕೈ ಹಿಡಿದ ವರ್ಷಗಳಲ್ಲಿ ಹರಪನಹಳ್ಳಿಯ ಅನುಕೂಲಸ್ಥರಿಗೆಲ್ಲ ಒಂದು ಹುಚ್ಚು ಹಿಡಿದಿತ್ತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವುದು, ಕಟ್ಟಿಸಿದ ಮೇಲೆ ಪಡಸಾಲೆಗೆ ಪಡಸಾಲೆ ಎನ್ನದೆ ಹಾಲ್ ಎನ್ನುವುದು. ಹಾಲ್ ಎಂದ ಮೇಲೆ ಕೇಳಬೇಕೆ? ಅಲ್ಲಿ ಮನುಷ್ಯರು ಕೂರುವುದಕ್ಕಿಂತ ಸಾಮಾನು ಕೂರುವುದೇ ಹೆಚ್ಚು. ಒಬ್ಬರ ಮನೆಗೆ ದಾವಣಗೆರೆಯಿಂದ ಸೋಫಾ ಬಂದಿಳಿದರೆ ವಾರದೊಳಗೆ ಎದುರು ಮನೆಗೂ ಅದೇ ಸೋಫಾ, ಅದೇ ಗಾಜಿನ ಟೀಪಾಯಿ, ಅದೇ ಓಡುವ ಕುದುರೆಗಳ ಚಿತ್ರ. ಯಾರ ಮನೆಗೆ ಹೋದರೂ ಅದೇ ಅಂಗಡಿಗೆ ಹೋದ ಹಾಗೆ ಇರುತ್ತಿತ್ತು.

ಮೆಕ್ಕೆಜೋಳದ ವ್ಯಾಪಾರಿ ಸೋಮಶೇಖರನ ಹೆಂಡತಿ ಸುಮಲತಾಳ ಹಾಲ್ ಮಾತ್ರ ಹಾಗಿರಲಿಲ್ಲ. ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು. ಕೊಟ್ಟೂರಿನ ಹೆಣ್ಣು, ಪಿಯುಸಿಯಷ್ಟೇ ಓದಿದವಳು, ಆದರೆ ಕಣ್ಣು ಭಾರಿ ಚುರುಕು. ತೇಗದ ಸೋಫಾ ಇತ್ತು, ನಿಜ. ಅದರ ದಿಂಬಿಗೆ ಚೀಲ ಹೊಲಿದದ್ದು ಸಂತೆಯ ಕಟ್‌ಪೀಸ್ ಬಟ್ಟೆಯಲ್ಲಿ. ಗೋಡೆಗೆ ದುಬಾರಿ ಚೌಕಟ್ಟಿನ ಕನ್ನಡಿ. ಅದರ ಎರಡೂ ಬದಿಗೆ ಮೇದಾರರ ಹತ್ತಿರ ಕೊಂಡ ಮೊರ, ಕೆಮ್ಮಣ್ಣು ಬಳಿದು ಸುಣ್ಣದ ಚುಕ್ಕಿ ಇಟ್ಟದ್ದು. ಕಿಟಕಿಗೆ ಅತ್ತೆಯ ಹಳೆಯ ಇಳಕಲ್ ಸೀರೆಯ ಪರದೆ, ಅದರ ಕೆಳಗೆ ಮೈಸೂರಿನಿಂದ ತರಿಸಿದ ಕಲ್ಲಿನ ಆನೆ. ಆನೆಯ ಪಕ್ಕದ ಹೂದಾನಿ ಬಸ್ ಸ್ಟ್ಯಾಂಡಿನ ಎದುರು ಗೋಣಿಚೀಲ ಹಾಸಿಕೊಂಡು ಮಾರುವವನದು ಎಂದು ಆಣೆ ಮಾಡಿ ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ.

"ದುಬಾರಿದು ಒಂದಽ ಇಡ್ಬೇಕು, ಸೋವಿದು ನಾಕು ಇಡ್ಬೇಕು. ಆವಾಗ ಐದೂ ದುಬಾರಿ ಕಾಣ್ತಾವ," ಎನ್ನುವುದು ಆಕೆ ಗಂಡನಿಗೆ ಮಾತ್ರ ಹೇಳಿದ ಗುಟ್ಟು.

ಎದುರು ಮನೆಯ ಮರುಳಸಿದ್ದಮ್ಮನಿಗಂತೂ ಅಲ್ಲಿ ಬಂದು ಕೂತರೆ ಸಮಾಧಾನವೇ ಇರುತ್ತಿರಲಿಲ್ಲ. "ಯವ್ವಾ ಸುಮಾ, ಇದು ಸೋವಿದೋ ದುಬಾರಿದೋ ಹೇಳಿಬಿಡು. ಇಲ್ಲಾಂದ್ರ ನನಗ ಊಟ ಸೇರಂಗಿಲ್ಲ," ಎಂದು ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು. ಸುಮಲತಾ ನಗುತ್ತಿದ್ದಳೇ ಹೊರತು ಹೇಳುತ್ತಿರಲಿಲ್ಲ. ಹೇಳದೆ ಇರುವುದರಲ್ಲೇ ಆಕೆಗೆ ಸುಖವಿತ್ತು.

ಅಂಥ ಹಾಲ್‌ನಲ್ಲಿ ಒಂದು ಮೂಲೆ ಖಾಲಿ ಉಳಿದಿತ್ತು, ಅದೂ ಒಳಗೆ ಬಂದವರ ಕಣ್ಣು ಮೊದಲು ಬೀಳುವ ಮೂಲೆ. ಆ ಸಂಕ್ರಾಂತಿಗೆ ಮಹಿಳಾ ಸಮಾಜದವರು ಸುಮಲತಾಳ ಮನೆಯಲ್ಲೇ ಸೇರುವುದೆಂದು ಗೊತ್ತಾಗಿತ್ತು. ಬ್ಯಾಂಕ್ ಮ್ಯಾನೇಜರರ ಹೆಂಡತಿ ಅಮೃತಾ ಬರುವವಳಿದ್ದಳು. ಗಂಡನ ವರ್ಗಾವಣೆಯ ಜೊತೆ ನಾಲ್ಕು ಊರು ಕಂಡವಳು. ಯಾರ ಮನೆಗೆ ಹೋದರೂ ಒಂದು ಸುತ್ತು ಕಣ್ಣಾಡಿಸಿ "ಚೆನ್ನಾಗಿದೆ" ಎಂದು ಸುಮ್ಮನಾಗುವವಳು. ಆ ಒಣ "ಚೆನ್ನಾಗಿದೆ" ತನ್ನ ಹಾಲ್‌ಗೆ ಬೀಳಬಾರದು ಎಂಬುದು ಸುಮಲತಾಳ ಹಟ. ದಾವಣಗೆರೆಯ ಅಂಗಡಿಯೊಂದರಲ್ಲಿ, ಕೊಡದಂಥ ಹಿತ್ತಾಳೆ ಬುಡದ ಮೇಲೆ ಬಟ್ಟೆಯ ಟೋಪಿ ಹಾಕಿದ ದೊಡ್ಡ ದೀಪವೊಂದನ್ನು ಕಣ್ಣು ತುಂಬ ನೋಡಿ ಬಂದಿದ್ದಳು. ಬೆಲೆ ಕೇಳಿದ ಸೋಮಶೇಖರ, "ಅಷ್ಟಕ್ಕ ಒಂದು ಆಕಳ ಬರ್ತೈತಲ್ಲೇ, ಕರದ್ರ ಹಾಲಾದ್ರೂ ಕೊಡ್ತೈತಿ," ಎಂದು ಮುಖ ತಿರುಗಿಸಿದ್ದ.

ಆಗ ಆಕೆಗೆ ಅಟ್ಟದ ಮೇಲಿನ ಕೊಡ ನೆನಪಾಯಿತು. ನೆನಪಾಗಬಾರದಿತ್ತು.

ಆ ಕೊಡ ಕರಿಯಕ್ಕನದು. ಕರಿಯಕ್ಕ ಕೂಡ್ಲಿಗಿ ಕಡೆಯ ಹಟ್ಟಿಯವಳು. ಹರೆಯದಲ್ಲಿ ಕೊಟ್ಟೂರಿಗೆ ಬಂದು ಸುಮಲತಾಳ ತವರಿನ ಹೊಲಮನೆಯಲ್ಲಿ ದುಡಿದವಳು, ಕೂಸು ಸುಮಲತಾಳನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಈಗ ವರ್ಷವೂ ದೀಪಾವಳಿ ಮುಗಿಯುತ್ತಲೇ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮಂಡ್ಯದ ಕಡೆ ಕಬ್ಬು ಕಡಿಯಲು ಗುಳೆ ಹೋಗುತ್ತಿದ್ದಳು. ಹಾಗೆ ಹೋಗುವವರು ಬಾಗಿಲಿನ ಬೀಗವನ್ನು ನಂಬುವುದಿಲ್ಲ. ಮನೆಯಲ್ಲಿ ಬೆಲೆಬಾಳುವುದು ಏನಿದೆಯೋ ಅದನ್ನು ಗುರುತಿನವರ ಮನೆಯಲ್ಲಿ ಇಟ್ಟು ಹೋಗುತ್ತಾರೆ. ಕರಿಯಕ್ಕನ ಮನೆಯಲ್ಲಿ ಬೆಲೆಬಾಳುವುದು ಅದೊಂದೇ, ಹಿತ್ತಾಳೆಯ ಕೊಡ. ಅದರ ಕೊರಳ ಸುತ್ತ ಚುಕ್ಕಿ ಚುಕ್ಕಿಯಾಗಿ ಉಳಿಯಲ್ಲಿ ಕೆತ್ತಿದ ಮೂರು ಹೆಸರು: ದುರುಗವ್ವ, ಪಾಲವ್ವ, ಕರಿಯಕ್ಕ. ಅಜ್ಜಿ, ತಾಯಿ, ಮಗಳು. ಆ ಮನೆತನದ ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೋದ ದಿನ ಮೊದಲ ನೀರು ತರುವುದು ತಾಯಿಯ ಕೊಡದಲ್ಲೇ. ಆ ನೀರು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಆಕೆ ಆ ಮನೆಯವಳು.

"ನಮ್ಮ ಹೊನ್ನೂರಿ ಮದುವಿಗೆ ಬೇಕಾಗ್ತೈತ್ರಿ ಅಕ್ಕಾರ. ಅಲ್ಲಿತನಕ ನಿಮ್ಮ ಅಟ್ಟದ ಮ್ಯಾಲೆ ತಣ್ಣಗ ಇರ್ಲಿ," ಎಂದು ಸೆರಗಿನಿಂದ ಒರೆಸಿ ಕೊಟ್ಟು ಹೋಗಿದ್ದಳು.

ಸುಮಲತಾ ಅದನ್ನು ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅಬ್ಬಬ್ಬಾ, ಏನು ಹೊಳಪು, ಏನು ಮೈಕಟ್ಟು! ದಾವಣಗೆರೆಯ ದೀಪವನ್ನು ಇದರ ಮುಂದೆ ನಿವಾಳಿಸಿ ಒಗೆಯಬೇಕು. ತಪ್ಪು ಮಾಡಲು ಹೊರಟ ಮನಸ್ಸು ವಕೀಲಿಕೆಯಲ್ಲಿ ಬಲು ಜಾಣ. ಆಕೆಯ ಮನಸ್ಸೂ ನಿಂತ ನಿಲುವಿನಲ್ಲಿ ವಾದ ಹೂಡಿತು. ಕರಿಯಕ್ಕನ ಮಗಳು ಹೊನ್ನೂರಮ್ಮನಿಗೆ ಇನ್ನೂ ಗಂಡೇ ಗೊತ್ತಾಗಿಲ್ಲ. ಅಟ್ಟದ ಮೇಲೆ ಧೂಳು ತಿನ್ನುವ ಬದಲು ಕೊಡ ನಾಲ್ಕು ಜನರ ಕಣ್ಣಿಗೆ ಬೀಳಲಿ. ಮದುವೆ ಗೊತ್ತಾದ ದಿನ ಇದಕ್ಕಿಂತ ದೊಡ್ಡದು, ಇದಕ್ಕಿಂತ ಹೊಸದು ಕೊಡಿಸಿದರಾಯಿತು. ಕರಿಯಕ್ಕ ಬೇಡ ಅನ್ನುತ್ತಾಳೆಯೆ?

ಕಂಚುಗಾರ ಮೌನೇಶನ ಅಂಗಡಿಗೆ ಆಕೆಯೇ ಒಯ್ದಳು. ತಳದ ಹತ್ತಿರ, ಹಿಂದಿನ ಮಗ್ಗಲಿಗೆ, ವಯರು ಹೊರಗೆ ಬರುವಷ್ಟು ಒಂದು ತೂತು ಬೇಕೆಂದಳು. ಮೌನೇಶ ಡ್ರಿಲ್ ಕೈಗೆತ್ತಿಕೊಂಡವನು ಹೆಸರು ನೋಡಿ ಮತ್ತೆ ಕೆಳಗಿಟ್ಟ.

"ಮೂರು ಹೆಸರು ಅದಾವಲ್ರಿ ಇದರ ಮ್ಯಾಲೆ. ನೀರಿನ ಕೊಡಕ್ಕ ತೂತು ಹೊಡಿ ಅಂತ ಇಲ್ಲೀತನಕ ಯಾರೂ ಅಂದಿಲ್ಲ. ಯಾರ ಕೊಡರಿ ಇದು?"

"ನಮ್ಮನೀದು," ಎಂದಳು ಸುಮಲತಾ.

ಅಷ್ಟೇ. ಒಂದು ಮಾತು. ಡ್ರಿಲ್ ಕಿರ್ರೆಂದಿತು, ಹಿತ್ತಾಳೆಯ ಪುಡಿ ಆಕೆಯ ಪಾದದ ಮೇಲೆ ಉದುರಿತು. ಉದುರಿದ ಪುಡಿ ಇನ್ನೂ ಬಿಸಿಯಾಗಿತ್ತು. ಆಕೆ ಕಾಲು ಕೊಡವಿಕೊಂಡು, "ಲಗೂನ ಮುಗಿಸಪ್ಪ," ಎಂದಳು.

ಸಂಕ್ರಾಂತಿಯ ದಿನ ಕೊಡ ಆ ಮೂಲೆಯಲ್ಲಿ ಮರದ ಸಿಂಬೆಯ ಮೇಲೆ ಕೂತಿತು. ಬಾಯಿಯಿಂದ ಎದ್ದ ಸಲಾಕೆಗೆ ಬಲ್ಬು, ಬಲ್ಬಿಗೆ ಹಳೆಯ ಖಣದ ಬಟ್ಟೆಯಲ್ಲಿ ಸುಮಲತಾಳೇ ಹೊಲಿದ ಟೋಪಿ. ಹೆಸರುಗಳು ಗೋಡೆಯ ಕಡೆ. ಸ್ವಿಚ್ ಒತ್ತಿದರೆ ಮೂಲೆಯೆಲ್ಲ ಜೇನಿನ ಬಣ್ಣವಾಗುತ್ತಿತ್ತು. ಅಮೃತಾ ಬಂದವಳು ಕೂರುವುದನ್ನೇ ಮರೆತು ಅದರ ಮುಂದೆ ನಿಂತಳು.

"ಸುಮಾ ಅವರೇ, ಇದನ್ನ ಎಲ್ಲಿ ತಗೊಂಡ್ರಿ? ನಾನು ಎಲ್ಲೂ ನೋಡಿಲ್ಲ."

"ತಗೊಂಡಿದ್ದಲ್ರಿ. ನಮ್ಮ ಅಜ್ಜಿ ಕೊಡ. ಕೊಟ್ಟೂರಿಂದ ಬಂದಿದ್ದು."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಆಕೆಗೇ ಗಾಬರಿಯಾಯಿತು. ಮರುಳಸಿದ್ದಮ್ಮ ಮಾತ್ರ ಎಳ್ಳುಬೆಲ್ಲ ಅಗಿಯುತ್ತ, "ಇದು ದುಬಾರಿದು. ಇದೊಂದು ನನಗ ಕೇಳದಽ ಗೊತ್ತಾತು," ಎಂದು ತಲೆಯಾಡಿಸಿದಳು. ಎಲ್ಲರೂ ಹೋದ ಮೇಲೆ ಸುಮಲತಾ ಕಪ್ಪು ಬಸಿ ಎತ್ತಿಡುತ್ತ ಆ ಮೂಲೆಯ ಕಡೆ ನೋಡದೆ ಓಡಾಡಿದಳು. ತನ್ನ ಮನೆಯಲ್ಲೇ ಒಂದು ಮೂಲೆಗೆ ಹೆದರುವುದೆಂದರೆ ಏನೆಂದು ಆಕೆಗೆ ಆವತ್ತು ಗೊತ್ತಾಯಿತು. ನಾಲ್ಕು ದಿನ ಕಳೆದರೆ ಹೋಗುತ್ತದೆ ಅಂದುಕೊಂಡಳು; ನಾಲ್ಕು ದಿನಕ್ಕೆ ಹೋಯಿತು ಕೂಡ.

ಯುಗಾದಿಗೆ ಬರಬೇಕಾದ ಕರಿಯಕ್ಕ ಶಿವರಾತ್ರಿ ಮುಗಿಯುತ್ತಲೇ ಬಂದಳು. ಬಾಗಿಲಲ್ಲೇ ದನಿ: "ಅಕ್ಕಾರಾ! ಹೊನ್ನೂರಿಗೆ ಗಂಡು ಗೊತ್ತಾತ್ರಿ! ಬೊಮ್ಮನಹಳ್ಳಿ ಕಡಿಯೋರು. ಯುಗಾದಿ ಆದ ವಾರಕ್ಕ ಮದುವಿ!"

ಸುಮಲತಾಳ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು. ಹಗಲಿನಲ್ಲೂ ದೀಪ ಉರಿಸುವ ಚಟ ಆಕೆಗೆ; ಅದು ಆಗಲೂ ಉರಿಯುತ್ತಿತ್ತು. ಕರಿಯಕ್ಕ ಒಳಗೆ ಬಂದವಳು ನಿಂತಲ್ಲೇ ನಿಂತಳು. ಆಕೆಯ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣನ್ನು ಕಿರಿದು ಮಾಡಿ ನೋಡಿದಳು. ಮೆಲ್ಲಗೆ ಹತ್ತಿರ ಹೋಗಿ, ಗೋಡೆಯ ಕಡೆ ಕೈ ಹಾಕಿ, ಕೊರಳಿನ ಚುಕ್ಕಿಗಳನ್ನು ಬೆರಳಿನಿಂದ ತಡವಿದಳು.

ಈಗ ಬೈಯುತ್ತಾಳೆ, ಬೈದುಬಿಡಲಿ ಎಂದು ಸುಮಲತಾ ಕಾದಳು.

"ನನ್ನ ಕೊಡ!" ಎಂದಳು ಕರಿಯಕ್ಕ. ಆಕೆಯ ಮುಖವೆಲ್ಲ ಅರಳಿತ್ತು. "ಅಟ್ಟದ ಮ್ಯಾಲೆ ಇಡ್ರಿ ಅಂದ್ರ ನಡುಮನ್ಯಾಗ ಇಟ್ಟೀರಲ್ರಿ ಅಕ್ಕಾರ! ಸೋಫಾದ ಮಗ್ಗಲಿಗೆ! ದೀಪ ಬ್ಯಾರೆ ಹಚ್ಚೀರಿ. ನಮ್ಮವ್ವ ಇದ್ದು ನೋಡ್ಬೇಕಿತ್ತು."

ಸೋಫಾದ ಮೇಲೆ ಕೂರೆಂದರೂ ಕೂರಲಿಲ್ಲ. ಕೊಡದ ಪಕ್ಕ ನೆಲಕ್ಕೆ ಕೂತು ಚಹ ಕುಡಿದಳು. ಕುಡಿಯುತ್ತಾ, ತನ್ನ ಕೊಡ ದೊಡ್ಡವರ ಹಾಲ್‌ನಲ್ಲಿ ಮೆರೆಯುತ್ತಿದೆ ಎಂದು ಹಟ್ಟಿಯಲ್ಲಿ ಯಾರು ಯಾರಿಗೆ ಹೇಳಬೇಕೆಂದು ಹೆಸರು ಹಿಡಿದು ಎಣಿಸಿದಳು. ವಯರು ಹಿಂದಿನಿಂದ ಬಂದಿತ್ತು, ಆಕೆಗೆ ಕಾಣಲಿಲ್ಲ. ಸುಮಲತಾ ಹೇಳಬಹುದಿತ್ತು. ಎರಡು ಸಲ ಬಾಯಿ ತೆರೆದಳು. ಒಂದು ಸಲ "ಕರಿಯಕ್ಕ" ಎಂದೂ ಅಂದಳು. "ಏನ್ರಿ?" ಎಂದು ಆ ಮುಖ ಮೇಲೆದ್ದಾಗ, "ಇನ್ನೊಂದೀಟು ಚಾ ಹಾಕ್ಲಾ?" ಎಂದಳು. ಥೂ ನಿನ್ನ, ಎಂದು ಒಳಗೆ ತನಗೆ ತಾನೇ ಉಗಿದುಕೊಂಡಳು.

"ಬರೋ ಸೋಮಾರ ಬೀಗಿತಿ ಕೂಡ ಜವಳಿ ತರಾಕ ಬರ್ತೀನ್ರಿ. ಹೋಗ್ತಾ ಕೊಡ ಒಯ್ತೀವಿ," ಎಂದು ಹೇಳಿ ಕರಿಯಕ್ಕ ಹೊರಟಳು.

ಸುಮಲತಾ ಅದೇ ಮಧ್ಯಾಹ್ನ ಬಲ್ಬು ಕಿತ್ತು, ಸಲಾಕೆ ಎಳೆದು, ಕೊಡವನ್ನು ಚೀಲಕ್ಕೆ ಹಾಕಿಕೊಂಡು ಮೌನೇಶನ ಹತ್ತಿರ ಓಡಿದಳು. ಅವನು ತೂತಿಗೆ ಬಿಲ್ಲೆ ಕೂರಿಸಿ ಬೆಸುಗೆ ಹಾಕಿದ. ಮೇಲೆ ಹಿತ್ತಾಳೆ ಬಣ್ಣ ಬಳಿದ.

"ನೋಡಾಕ ಚಂದಾತ್ರಿ. ಆದ್ರ ತಿಕ್ಕಬ್ಯಾಡ್ರಿ, ತಳಕ್ಕ ಪೆಟ್ಟು ಬೀಳಬಾರ್ದು. ನೀರಿಗೆ ನಿಂದ್ರತೈತಿ ಅಂತ ನಾ ಮಾತು ಕೊಡಂಗಿಲ್ಲ," ಎಂದ.

ಮನೆಗೆ ತಂದು ನೀರು ತುಂಬಿ ಸಂಜೆಯವರೆಗೂ ನೋಡಿದಳು. ಒಂದು ಹನಿಯೂ ಸೋರಲಿಲ್ಲ. ದೇವರಿಗೆ ಕೈ ಮುಗಿದಳು. ಸೋವಿಯನ್ನು ದುಬಾರಿ ಮಾಡಿ ತೋರಿಸಿದ ಕೈ ಇದು, ಒಡಕನ್ನು ಗಟ್ಟಿ ಮಾಡಿ ತೋರಿಸಲಾರದೆ?

ಸೋಮವಾರ ಕರಿಯಕ್ಕನ ಜೊತೆ ಬಂದ ಬೀಗಿತಿ ನಾಗಲಿಂಗಮ್ಮ, ಅಂದರೆ ಗಂಡಿನ ತಾಯಿ, ಎತ್ತರದ ಗಟ್ಟಿ ಹೆಂಗಸು. ಮಾತು ಕಡಿಮೆ. ಜವಳಿಯ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು ಹಾಲ್‌ನ ಒಂದೊಂದೇ ಸಾಮಾನು ನೋಡುತ್ತ ಕೂತಳು. ಸುಮಲತಾ ಕೊಡ ತಂದು ಮುಂದಿಟ್ಟು, ಇಬ್ಬರಿಗೂ ಕುಬಸದ ಬಟ್ಟೆ, ಅರಿಶಿನ ಕುಂಕುಮ ಕೊಟ್ಟಳು. ಇನ್ನೇನು ಎದ್ದು ಹೋಗುತ್ತಾರೆ ಎನ್ನುವಾಗ ಕರಿಯಕ್ಕ ಕೊಡ ಎತ್ತಿಕೊಂಡು ಹಿತ್ತಲ ಕಡೆ ನಡೆದಳು.

"ಎಲ್ಲಿಗೆ ಕರಿಯಕ್ಕ?"

"ತಿಕ್ಕಿ ತರ್ತೀನ್ರಿ. ಮದುವಿ ಕೊಡ ಖಾಲಿ ಒಯ್ಬಾರ್ದು. ನೀವಽ ಒಂದು ತಂಬಿಗಿ ನೀರು ಹಾಕಿ ಕೊಡ್ರಿ. ತವರಿನೋರಂಗ ಅದೀರಿ ನೀವು ನನಗ."

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೆಂಗಿನ ನಾರು, ಬೂದಿ ಹಾಕಿ ಗಸಗಸ ತಿಕ್ಕುವ ಸದ್ದು ಕೇಳತೊಡಗಿತು. ನಲವತ್ತು ವರ್ಷ ಕೊಡ ತಿಕ್ಕಿದ ಕೈ ಅದು, ಮೆಲ್ಲಗೆ ತಿಕ್ಕುವುದು ಗೊತ್ತೇ ಇಲ್ಲ. ಸುಮಲತಾ ಹಿತ್ತಲ ಬಾಗಿಲವರೆಗೆ ಹೋಗಿ ಮತ್ತೆ ಒಳಗೆ ಬಂದಳು. "ಸಾಕು ಬಿಡು ಕರಿಯಕ್ಕ, ಹೊಳಿತೈತಿ," ಎಂದು ಕೂಗಿದಳು. "ಹೊಳದ್ರ ಸಾಕೇನ್ರಿ? ಶುದ್ಧ ಆಗ್ಬೇಕಲ್ಲ," ಎಂಬ ಉತ್ತರ ಬಂತು. ಕೊನೆಗೆ ಕೊಡವನ್ನು ಕಲ್ಲಿನ ಮೇಲೆ ಟಣ್ ಎಂದು ಕುಕ್ಕಿ ನೀರು ಝಾಡಿಸಿದ್ದೂ ಕೇಳಿತು.

ಹಾಲ್‌ನ ನಡುವೆ ಕೊಡ ಇಟ್ಟರು. ಸುಮಲತಾ ತಂಬಿಗೆ ಬಗ್ಗಿಸಿದಳು. ಅವಸರಕ್ಕೆ ಅರ್ಧ ನೀರು ಹೊರಗೇ ಚೆಲ್ಲಿತು. ಚೆಲ್ಲಿದ್ದು ಒಳ್ಳೆಯದೇ ಆಯಿತು, ಸೋರಿದರೂ ಗೊತ್ತಾಗುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕರಿಯಕ್ಕ ಸೆರಗಿನಿಂದ ನೆಲ ಒರೆಸಿ ಕೊಡ ಎತ್ತಿ ಸೊಂಟಕ್ಕೆ ಇಟ್ಟಾಗ, ಒರೆಸಿದ ನೆಲದ ಮೇಲೆ ಒಂದು ಹನಿ ಬಿತ್ತು. ಮತ್ತೊಂದು ಬಿತ್ತು. ಆಮೇಲೆ ದಾರದಂತೆ ಸಣ್ಣಗೆ ಇಳಿಯತೊಡಗಿತು.

ನಾಗಲಿಂಗಮ್ಮ ಎದ್ದು ನಿಂತಳು.

"ಮೊದಲ ನೀರಿನ ಕೊಡ ಸೋರ್ತೈತೇನವ್ವ?"

"ಇಲ್ಲ... ಇಲ್ಲ ಬೀಗಿತಿ, ಇದು ಎಂದೂ ಸೋರಿಲ್ಲ," ಎಂದು ಕರಿಯಕ್ಕ ಸುಮಲತಾಳ ಕಡೆ ತಿರುಗಿದಳು. ಒಂದೇ ಕಣ್ಣು ಕಾಣುವ ಆ ಮುಖ ಆಸರೆ ಕೇಳುತ್ತಿತ್ತು. ಸುಮಲತಾ ಹೇಳಬೇಕಾದದ್ದು ನಾಲ್ಕೇ ಶಬ್ದ.

"ಹಳೇ ಕೊಡ ನೋಡವ್ವ," ಎಂದಳು ಆಕೆ. "ಒಳಗೊಳಗ ಸವದಿರ್ಬೇಕು."

ಕರಿಯಕ್ಕ ಮೊಳಕಾಲೂರಿ ಕೂತು ಮತ್ತೆ ನೆಲ ಒರೆಸಿದಳು. "ನಿಮ್ಮ ನೆಲ ಎಲ್ಲಾ ಹಸಿ ಆತ್ರಿ ಅಕ್ಕಾರ. ತಪ್ಪು ನಂದು. ಸೋರೋ ಕೊಡ ನಿಮ್ಮ ಮನ್ಯಾಗ ಇಟ್ಟಿದ್ನೆಲ್ರಿ," ಎನ್ನುತ್ತ ನುಣುಪು ಕಲ್ಲಿನ ಮೇಲೆ ಒಂದು ಗುರುತೂ ಉಳಿಯದ ಹಾಗೆ ಒರೆಸಿದಳು. ಸುಮಲತಾ ಅಲ್ಲೇ ಕಂಬದ ಹಾಗೆ ನಿಂತಿದ್ದಳು. ಆಕೆಗೆ ಸಾಯುವಷ್ಟು ನಾಚಿಕೆಯಾಯಿತು, ಆದರೆ ಬಾಯಿ ಬಿಡುವಷ್ಟು ಆಗಲಿಲ್ಲ.

ವಾರ ಕಳೆಯಿತು. ಹಾಲ್‌ನ ಮೂಲೆ ಮತ್ತೆ ಖಾಲಿಯಾಗಿತ್ತು. "ದೀಪ ಎಲ್ಲಿ?" ಎಂದ ಮರುಳಸಿದ್ದಮ್ಮನಿಗೆ, "ರಿಪೇರಿಗೆ ಕೊಟ್ಟೀನಿ," ಎಂದಳು. ಒಂದು ಸುಳ್ಳಿಗೆ ಇನ್ನೊಂದು ಜೊತೆ ಸಿಗುತ್ತಲೇ ಇತ್ತು. ಸೋಫಾದ ಮೇಲೆ ಕೂರಲು ಮನಸ್ಸಾಗುತ್ತಿರಲಿಲ್ಲ. ಆ ನೆಲದ ಮೇಲೆ ಕಾಲಿಡಬೇಕಾದರೆ ಕರಿಯಕ್ಕನ ಸೆರಗಿನ ಮೇಲೆ ಕಾಲಿಟ್ಟಂತೆ ಆಗುತ್ತಿತ್ತು.

ಒಂದು ಮಧ್ಯಾಹ್ನ ಸೋಮಶೇಖರ ಊಟಕ್ಕೆ ಬಂದವನು ಹೇಳಿದ: "ಕರಿಯಕ್ಕನ ತಮ್ಮ ದುರುಗಣ್ಣ ಜ್ವಾಳ ತಂದಿದ್ದ. ಆ ಹುಡುಗಿ ಮದುವಿ ನಿಂತಂಗ ಐತಂತ. ಮೊದಲ ನೀರಿನ ಕೊಡ ಸೋರಿದ್ರ ಹೆಣ್ಣಿನ ಕಾಲ್ಗುಣ ಸರಿ ಇಲ್ಲ ಅಂತ ಗಂಡಿನ ಮನಿಯೋರು ಹಿಂದಕ್ಕ ಸರದಾರ. ಬರೋ ಶುಕ್ರಾರ ಹಟ್ಟಿಗೆ ಬಂದು ಕಡೀ ಮಾತು ಹೇಳ್ತಾರಂತ. ಕರಿಯಕ್ಕ ಅನ್ನ ಬಿಟ್ಟು ಕುಂತಾಳಂತ."

ಸುಮಲತಾಳ ಕೈಯಲ್ಲಿನ ಸೌಟು ಸಾರಿನ ಪಾತ್ರೆಯಲ್ಲೇ ಮುಳುಗಿತು. ಆಕೆ ಅಲ್ಲೇ ಕೂತು ಮೊದಲಿನಿಂದ ಎಲ್ಲವನ್ನೂ ಗಂಡನಿಗೆ ಹೇಳಿದಳು. ಅಳುತ್ತ ಹೇಳಿದಳು. ಸೋಮಶೇಖರ ಕೆಟ್ಟವನಲ್ಲ, ವ್ಯಾಪಾರಿ. "ಚೊಲೋದೊಂದು ಹೊಸಾ ಕೊಡ ತಗೊಂಡು ಕಳಿಸಿಬಿಡೋಣ. ತೂತಿನ ಮಾತು ಎತ್ತಬ್ಯಾಡ. ಹೊರಗ ಬಂದ್ರ ನಮ್ಮ ಮರ್ಯಾದಿ ಏನಾಗ್ಬೇಕು?" ಎಂದ.

"ಆ ಹುಡುಗಿ ಮರ್ಯಾದಿ?" ಎಂದಳು ಸುಮಲತಾ.

ಶುಕ್ರವಾರ ಬೆಳಿಗ್ಗೆಯೇ ಹೊಸ ಕೊಡ ಹಿಡಿದುಕೊಂಡು ಆಕೆ ಕೊಟ್ಟೂರಿನ ಬಸ್ ಹತ್ತಿದಳು. ಕೊಟ್ಟೂರಿನಲ್ಲಿ ಇಳಿದು ಕೂಡ್ಲಿಗಿಯ ಬಸ್. ದಾರಿಯುದ್ದಕ್ಕೂ ಕೊಡ ಮಡಿಲಲ್ಲಿ ಕೂತಿತ್ತು; ಪಕ್ಕದವಳು "ಯಾರ ಮದುವಿರಿ?" ಎಂದು ಕೇಳಿದ್ದಕ್ಕೆ ಏನು ಹೇಳಬೇಕೋ ಗೊತ್ತಾಗದೆ ಕಿಟಕಿಯ ಹೊರಗೆ ನೋಡಿದಳು. ಏನೇನೋ ಮಾತು ಜೋಡಿಸಿಕೊಂಡಳು. ಡ್ರಿಲ್ ಜಾರಿ ಬಿತ್ತು ಎನ್ನಲೆ, ಎಲೆಕ್ಟ್ರಿಷಿಯನ್ ತಿಳಿಯದೆ ಮಾಡಿದ ಎನ್ನಲೆ? ಹಟ್ಟಿಯ ನಿಲುಗಡೆಯಲ್ಲಿ ಇಳಿಯುವವರೆಗೂ ಸುಳ್ಳು ಹೊಳೆಯುತ್ತಲೇ ಇದ್ದವು.

ಕರಿಯಕ್ಕನ ಮನೆಯ ಮುಂದೆ ಚಾಪೆ ಹಾಸಿ ಜನ ಕೂತಿದ್ದರು. ನಾಗಲಿಂಗಮ್ಮ ಇದ್ದಳು, ಅವಳ ಅಣ್ಣ ಗಾದೆಪ್ಪ ಇದ್ದ, ಇತ್ತ ದುರುಗಣ್ಣ ತಲೆ ತಗ್ಗಿಸಿ ಕೂತಿದ್ದ. ಬಾಗಿಲ ಸಂದಿಯಲ್ಲಿ ಹೊನ್ನೂರಮ್ಮ ನಿಂತಿದ್ದಳು. ಹುಡುಗಿಯ ಮುಖ ಬಾಡಿಹೋಗಿತ್ತು. ಹಳೆಯ ಕೊಡ ಎಲ್ಲರ ನಡುವೆ ಇತ್ತು. ಬಿಲ್ಲೆ ಉದುರಿಹೋಗಿ ತೂತು ಬಾಯಿ ತೆರೆದುಕೊಂಡಿತ್ತು. ಕರಿಯಕ್ಕ ಎದ್ದು, "ಅಕ್ಕಾರು ಬಂದ್ರು, ಕುರ್ಚಿ ತರ್ರಿ," ಎಂದಳು. ಅಂಥ ಹೊತ್ತಿನಲ್ಲೂ ಕುರ್ಚಿ ತರಿಸಿದಳು.

ಸುಮಲತಾ ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಆ ಕುರ್ಚಿ ನೋಡಿದೊಡನೆ ಹಾರಿಹೋಯಿತು.

"ಆ ತೂತು ನಾ ಹೊಡಿಸಿದ್ದು," ಎಂದಳು. ಮತ್ತೆ ಜೋರಾಗಿ ಹೇಳಿದಳು. "ಕೊಡ ಸವದಿಲ್ಲ, ಕರಿಯಕ್ಕ. ದೀಪ ಮಾಡ್ಸಾಕ ನಾನಽ ಡ್ರಿಲ್ ಹಾಕ್ಸಿದೆ. ನಮ್ಮ ಹಾಲ್ ಚಂದ ಕಾಣ್ಲಿ ಅಂತ. ಕಂಚುಗಾರ ಕೇಳಿದ, ಯಾರ ಕೊಡ ಅಂತ. ನಮ್ಮನೀದು ಅಂದೆ. ಬಂದೋರಿಗೆ ನಮ್ಮ ಅಜ್ಜಿದು ಅಂದೆ. ಆಮ್ಯಾಲೆ ಮುಚ್ಚಿಸಿ, ಏನೂ ಗೊತ್ತಿಲ್ಲದಂಗ ನಿನ್ನ ಕೈಗೆ ಕೊಟ್ಟೆ. ಹುಡುಗೀದು ಏನೂ ದೋಷ ಇಲ್ಲ. ದೋಷ ನಂದು."

ಕರಿಯಕ್ಕ ಕೊಡ ಎತ್ತಿ ತೂತಿಗೆ ಬೆರಳಿಟ್ಟು ನೋಡಿದಳು. ಬೆರಳು ಸುತ್ತಲೂ ತಿರುಗಿತು.

"ಅದಕ್ಕಽ ಇಷ್ಟು ದುಂಡಗೈತಿ," ಎಂದಳು. ತಟ್ಟನೆ ಆಕೆಯ ದನಿ ಏರಿತು. "ಕೇಳಿದ್ರೇನ್ರಿ ಬೀಗಿತಿ? ದೇವ್ರು ಮಾಡಿದ್ದಲ್ಲ! ಮನಷ್ಯಾರು ಮಾಡಿದ್ದು! ಮಿಶಿನ್ ಹಚ್ಚಿ ಮಾಡಿದ್ದು! ನನ್ನ ಮಗಳ ಕಾಲ್ಗುಣಕ್ಕ ಏನೂ ಆಗಿಲ್ರೋ ಯಪ್ಪಾ!" ಎಂದು ನಕ್ಕಳು, ನಗುತ್ತಲೇ ಅತ್ತಳು. ಬಾಗಿಲ ಸಂದಿಯ ಹುಡುಗಿ ಒಳಗೆ ಓಡಿದಳು. ಗಾದೆಪ್ಪ ಮೀಸೆ ಸವರಿಕೊಂಡು, "ಮನಷ್ಯಾರು ಹೊಡದ ತೂತಿಗೆ ದೇವ್ರನ್ನ ಏನು ಕೇಳೋದೈತವ್ವ, ಮದುವಿ ದಿನ ಹಿಡೀರಿ," ಎಂದು ತಂಗಿಯ ಕಡೆ ನೋಡಿದ. ನಾಗಲಿಂಗಮ್ಮ ಸುಮಲತಾಳನ್ನೇ ದಿಟ್ಟಿಸುತ್ತ ಹೂಂ ಎಂದಳು.

ಸುಮಲತಾ ಹೊಸ ಕೊಡವನ್ನು ಮುಂದೆ ಚಾಚಿದಳು. ಕರಿಯಕ್ಕ ಅದನ್ನು ಮುಟ್ಟಲಿಲ್ಲ. ಸಂಭ್ರಮ ಇಳಿದುಹೋಗಿ ಆಕೆಯ ಮುಖ ಈಗ ಬೇರೆಯಾಗಿತ್ತು.

"ತೂತು ಹೊಡಿಸಿದ್ದಕ್ಕ ನನಗೇನೂ ಅನಸಂಗಿಲ್ರಿ ಅಕ್ಕಾರ. ಚಂದ ಕಂಡಿತ್ತು, ಮಾಡಿದ್ರಿ. ಆದ್ರ ಆವತ್ತು ನಾನು ನಿಮ್ಮ ನೆಲ ಒರಸ್ಕೊಂತ ಕುಂತಿದ್ನೆಲ್ಲ, ತಪ್ಪು ನಂದು, ತಪ್ಪು ನಂದು ಅಂತ. ಆವಾಗ ನೀವು ಮಗ್ಗಲದಾಗಽ ನಿಂತಿದ್ರಿ."

ಸುಮಲತಾ ಹೊಸ ಕೊಡವನ್ನು ಕುರ್ಚಿಯ ಮೇಲಿಟ್ಟು ಕೈ ಮುಗಿದಳು. ಕೂಸಾಗಿದ್ದಾಗ ತನ್ನನ್ನು ಹೊತ್ತವಳ ಮುಂದೆ ಎಂದೂ ಮುಗಿಯದಿದ್ದ ಕೈ ಅದು.

ಮದುವೆಗೆ ಆಕೆಯನ್ನು ಕರೆಯುತ್ತಾರೋ ಇಲ್ಲವೋ ಅಂದುಕೊಂಡಿದ್ದಳು. ದುರುಗಣ್ಣನೇ ಬಂದು ಅಕ್ಷತೆ ಕೊಟ್ಟು ಹೋದ. ಯುಗಾದಿಯ ಮರುವಾರ ಬೊಮ್ಮನಹಳ್ಳಿಯ ಹತ್ತಿರದ ಗಂಡಿನ ಊರಿಗೆ ಸುಮಲತಾ ರೇಷ್ಮೆ ಸೀರೆ ಉಟ್ಟು ಹೋದಳು. ಯಾರಿಗೂ ಕಾಣದಂತೆ ಹೆಂಗಸರ ಹಿಂದೆ ನಿಂತಳು. ತಾಳಿ ಕಟ್ಟಿ ಆಯಿತು, ಊಟ ಆಯಿತು, ಹೆಣ್ಣು ನೀರು ತರುವ ಹೊತ್ತಾಯಿತು. ಎಲ್ಲರೂ ಬೋರ್‌ವೆಲ್ ಪಂಪಿನ ಹತ್ತಿರ ಸೇರಿದರು. ಅಲ್ಲಿಂದ ಗಂಡನ ಮನೆಗೆ ನೂರು ಹೆಜ್ಜೆಯಾದರೂ ಇತ್ತು.

ಹೊನ್ನೂರಮ್ಮನ ಕೈಯಲ್ಲಿದ್ದದ್ದು ಹೊಸ ಕೊಡವಲ್ಲ. ಅದೇ ಹಳೆಯದು. ಕೊರಳ ಸುತ್ತ ಈಗ ನಾಲ್ಕು ಹೆಸರು.

"ತೂತು ಮುಚ್ಚಿಸ್ಲಿಲ್ಲೇನಬೇ?" ಎಂದು ಯಾವಳೋ ಕೇಳಿದಳು.

"ಇಲ್ಲವ್ವ. ಮುಚ್ಚಿದ್ದು ಒಮ್ಮೆ ನೋಡೀನಿ, ಸಾಕಾತು," ಎಂದಳು ಕರಿಯಕ್ಕ. ಜನರ ನಡುವೆ ಎಡಗಣ್ಣು ಕಿರಿದು ಮಾಡಿ ಹುಡುಕಿದಳು. "ಅಕ್ಕಾರ! ಎಲ್ಲಿ ಅದೀರಿ? ಹಿಂದ ಯಾಕ ನಿಂತೀರಿ? ಮುಂದ ಬರ್ರಿ. ತೂತು ನಿಮ್ದು, ನೀವಽ ಹಿಡೀರಿ."

ಒಂದಿಬ್ಬರು ನಕ್ಕರು. ಕರಿಯಕ್ಕ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಕೆಲಸ ಹೇಳುವವರ ದನಿಯಲ್ಲಿ ಹೇಳಿದಳು, ಕೊಟ್ಟೂರಿನ ಮನೆಯಲ್ಲಿ ಮೂವತ್ತು ವರ್ಷ ತಾನು ಕೇಳಿಸಿಕೊಂಡಿದ್ದ ದನಿಯಲ್ಲಿ.

ಸುಮಲತಾ ಮುಂದೆ ಬಂದಳು. ಕೊಡ ತುಂಬುವಾಗ ಬಗ್ಗಿ ತೂತಿಗೆ ಹೆಬ್ಬೆರಳು ಒತ್ತಿದಳು. ಹೊನ್ನೂರಮ್ಮ ಕೊಡ ಎತ್ತಿ ಸೊಂಟಕ್ಕಿಟ್ಟು ನಡೆಯತೊಡಗಿದಾಗ, ಆಕೆಯ ಸೊಂಟದ ಎತ್ತರಕ್ಕೆ ಬೆನ್ನು ಬಗ್ಗಿಸಿ, ಬೆರಳು ತೆಗೆಯದೆ ಪಕ್ಕದಲ್ಲೇ ಹೆಜ್ಜೆ ಹಾಕಿದಳು. ಬೆರಳ ಸಂದಿಯಿಂದ ತಣ್ಣನೆಯ ನೀರು ಜಿನುಗಿ ಮುಂಗೈಗೆ, ಮೊಳಕೈಗೆ ಇಳಿದು ರೇಷ್ಮೆ ಸೀರೆ ತೊಯ್ಯಿತು. ಓಣಿಯ ಎರಡೂ ಬದಿ ಜನ ನಿಂತು ನೋಡುತ್ತಿದ್ದರು. ಯಾರು ಆಕಿ, ಯಾಕ ಹಂಗ ಬಗ್ಗಿ ಬರ್ತಾಳ ಎಂದು ಒಬ್ಬರು ಕೇಳುವುದು, ಇನ್ನೊಬ್ಬರು ಎಲ್ಲವನ್ನೂ ಬಿಡಿಸಿ ಹೇಳುವುದು ಆಕೆಯ ಕಿವಿಗೆ ಬೀಳುತ್ತಲೇ ಇತ್ತು.

ಬೆನ್ನು ನೋಯಿತು. ಹೆಬ್ಬೆರಳು ಮರಗಟ್ಟಿತು. ನಡುದಾರಿಯಲ್ಲಿ ಹುಡುಗಿ ಮೆಲ್ಲಗೆ, "ಕೈ ಬದಲಿ ಮಾಡ್ತೀರೇನ್ರಿ ಅಕ್ಕಾರ, ನಿಂದ್ರಲಾ?" ಎಂದು ಕೇಳಿದಳು.

"ಬ್ಯಾಡವ್ವ. ನಡಿ," ಎಂದಳು ಸುಮಲತಾ. ಹೊಸ್ತಿಲು ದಾಟಿ ನೀರು ಒಳಗೆ ಇಳಿಯುವವರೆಗೂ ಆಕೆ ಬೆರಳು ತೆಗೆಯಲಿಲ್ಲ.